ಪ್ರಸಾದಕ್ಕೆ ಪಥ್ಯವಿಲ್ಲವೇ?

ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲಗಳಲ್ಲಿ ಭಕ್ತ, ಮಹೇಶ್ವರ ಸ್ಥಲಗಳನ್ನು ದಾಟಿದ ಸಾಧಕನು ಏರುವ ಮೂರನೆಯ ಮೆಟ್ಟಿಲಿಗೆ ಪ್ರಸಾದಿಸ್ಥಲವೆಂದೇ ಹೆಸರು. ಹೊಲದಿಂದ ಮನೆಗೆ ಬಂದ ಧಾನ್ಯ, ಒಲೆಯ ಮೇಲೆ ಬೆಂದ ಅಡುಗೆ, ತಟ್ಟೆಗೆ ಬಿದ್ದ ತುತ್ತು, ಇವೆಲ್ಲವೂ ಲಿಂಗಕ್ಕೆ ಅರ್ಪಿತವಾಗುವವರೆಗೆ ಬರಿಯ ಪದಾರ್ಥ. ಅರ್ಪಿತವಾದ ಬಳಿಕ ಪ್ರಸಾದ. ಶರಣರು ಊಟದಂತಹ ದಿನನಿತ್ಯದ ಕ್ರಿಯೆಯನ್ನು ಇಷ್ಟು ಎತ್ತರಕ್ಕೆ ಏರಿಸಿದ್ದು ಭಾರತದ ಧರ್ಮಚಿಂತನೆಯಲ್ಲಿಯೇ ವಿಶಿಷ್ಟವಾದ ಸಂಗತಿ. ಆದರೆ ಈ ಎತ್ತರದ ತತ್ತ್ವವು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಊಟದ ಪಂಕ್ತಿಗಳಲ್ಲಿ ಒಂದು ವಿಚಿತ್ರವಾದ ಮಾತಿಗೆ ಆಸರೆಯಾಗಿ ನಿಂತಿದೆ. 'ಪ್ರಸಾದಕ್ಕೆ ಪಥ್ಯವಿಲ್ಲ' ಎಂಬುದೇ ಆ ಮಾತು. ಭಕ್ತಿಯಿಂದ ಸ್ವೀಕರಿಸಿದ್ದು ಮೈಗೆ ತೊಂದರೆ ಮಾಡಲಾರದು, ಬಡಿಸಿದ್ದನ್ನು ಬೇಡವೆನ್ನುವುದು ಅಪಚಾರ, ಎರಡನೆಯ ಸಲ ಹಾಕಿಸಿಕೊಳ್ಳದಿದ್ದರೆ ದಾಸೋಹಿಯ ಮನಸ್ಸು ನೊಯ್ಯುತ್ತದೆ ಎಂದೆಲ್ಲ ಅದಕ್ಕೆ ವಿವರಣೆಗಳುಂಟು. ಈ ಮಾತು ಶರಣರ ಪ್ರಸಾದತತ್ತ್ವದಿಂದ ಹುಟ್ಟಿದ್ದೇ ಅಥವಾ ಅದಕ್ಕೆ ವಿರುದ್ಧವಾದದ್ದೇ ಎಂಬುದನ್ನು ಪರಿಶೀಲಿಸುವುದು ಇಂದು ಅತ್ಯಗತ್ಯವಾಗಿದೆ.

ಅಗತ್ಯವೇಕೆಂದರೆ, ಪಂಕ್ತಿಯಲ್ಲಿ ಕುಳಿತವರ ಆರೋಗ್ಯ ಬದಲಾಗಿದೆ. ಯಾವುದೇ ಮಠದ ದಾಸೋಹ, ಶಿವಗಣಾರಾಧನೆ, ಗೃಹಪ್ರವೇಶ ಅಥವಾ ನಾಮಕರಣದ ಪಂಕ್ತಿಯನ್ನು ಗಮನಿಸಿದರೆ ಸಾಕು. ಐವತ್ತು ದಾಟಿದ ಹಲವರ ಅಂಗಿಯ ಜೇಬಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಯ ಪೊಟ್ಟಣವಿರುತ್ತದೆ. ಎಲೆಯ ಮೇಲೆ ಪಾಯಸ, ಅದರ ಪಕ್ಕದಲ್ಲಿ ಹೋಳಿಗೆ ಅಥವಾ ಬೂಂದಿ, ಬೋಂಡ, ಚಿತ್ರಾನ್ನ, ನಡುವೆ ಬೆಟ್ಟದಂತೆ ಬಿಳಿಯ ಅನ್ನ. ಅನ್ನಕ್ಕೆ ಸಾಂಬಾರು, ಮತ್ತೆ ಅನ್ನಕ್ಕೆ ತಿಳಿಸಾರು, ಮತ್ತೆ ಅನ್ನಕ್ಕೆ ಮಜ್ಜಿಗೆ. ಕೋಸಂಬರಿಯೂ ಪಲ್ಯವೂ ಎಲೆಯ ತುದಿಯಲ್ಲಿ ಒಂದೊಂದು ಚಮಚ. ಊಟ ಮುಗಿದ ಮೇಲೆ ಮಾತ್ರೆ ನುಂಗಿ ನೀರು ಕುಡಿದು, 'ಪ್ರಸಾದವಲ್ಲವೇ, ಏನೂ ಆಗುವುದಿಲ್ಲ' ಎಂದು ಎದ್ದು ಹೋಗುತ್ತಾರೆ. ಆಗುವುದೇನೆಂಬುದು ಮೂರು ತಿಂಗಳ ಬಳಿಕ ರಕ್ತಪರೀಕ್ಷೆಯ ಚೀಟಿಯಲ್ಲಿ ಬರೆದಿರುತ್ತದೆ.

ಇದು ಈ ಸೀಮೆಯೊಂದರದೇ ಕಥೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ವಯಸ್ಕರಲ್ಲಿ ನೂರಕ್ಕೆ ಹನ್ನೊಂದಕ್ಕೂ ಹೆಚ್ಚು ಮಂದಿ ಮಧುಮೇಹಿಗಳು, ಇನ್ನೂ ಹದಿನೈದು ಮಂದಿ ಅದರ ಹೊಸ್ತಿಲಲ್ಲಿ ನಿಂತವರು, ನೂರಕ್ಕೆ ಮೂವತ್ತೈದು ಮಂದಿ ಅಧಿಕ ರಕ್ತದೊತ್ತಡದವರು. ಒಂದು ಕಾಲದಲ್ಲಿ ಪಟ್ಟಣದ ಸಿರಿವಂತರ ಕಾಯಿಲೆ ಎನಿಸಿದ್ದು ಈಗ ಹಳ್ಳಿಯ ಜಗುಲಿಗೂ ಬಂದು ಕುಳಿತಿದೆ.

ಹಾಗಾದರೆ ಪ್ರಸಾದತತ್ತ್ವ ನಿಜವಾಗಿ ಹೇಳುವುದೇನು? ಅರ್ಪಣೆಗೆ ಶರಣರು ಇಟ್ಟ ಮೊದಲ ನಿಬಂಧನೆಯೇ ಅವಧಾನ. ಪ್ರಸಾದದ ಬಗೆಗೆ ಅತ್ಯಂತ ಸೂಕ್ಷ್ಮವಾಗಿ ಚಿಂತಿಸಿದ ಚೆನ್ನಬಸವಣ್ಣನವರ ವಚನಗಳಲ್ಲಿ ರೂಪ, ರುಚಿ, ತೃಪ್ತಿ ಮೂರನ್ನೂ ಲಿಂಗಕ್ಕೆ ಅರ್ಪಿಸುವ ಕ್ರಮದ ವಿವೇಚನೆಯಿದೆ. ಕಣ್ಣಿಗೆ ಕಂಡದ್ದು, ನಾಲಗೆಗೆ ತಾಗಿದ್ದು, ಒಡಲು ತಣಿದದ್ದು ಇವೆಲ್ಲವನ್ನೂ ಎಚ್ಚರದಿಂದ ಗಮನಿಸದೆ ಅರ್ಪಣೆ ಸಾಧ್ಯವಾಗದು. ಹೊಟ್ಟೆ ತಣಿಯಿತೋ ಇಲ್ಲವೋ ಎಂಬುದೇ ತಿಳಿಯದಂತೆ, ಪಕ್ಕದವರೊಡನೆ ಹರಟುತ್ತ ಅಥವಾ ಮೊಬೈಲಿನ ತೆರೆಯನ್ನು ನೋಡುತ್ತ ಉಂಡದ್ದರಲ್ಲಿ ತೃಪ್ತಿಯನ್ನು ಅರ್ಪಿಸಿದವರಾರು? ಅಂತಹ ಊಟವು ಎಲೆಯ ಮೇಲೆ ಪದಾರ್ಥವಾಗಿ ಬಂದು ಪದಾರ್ಥವಾಗಿಯೇ ಹೊಟ್ಟೆ ಸೇರುತ್ತದೆ. ಪ್ರಸಾದವೆಂಬ ಹೆಸರು ಅದಕ್ಕೆ ಅಂಟಿಕೊಂಡದ್ದು ಅಭ್ಯಾಸಬಲದಿಂದ.

ಎರಡನೆಯ ನಿಬಂಧನೆ ಇನ್ನೂ ಕಟ್ಟುನಿಟ್ಟಿನದು. ಪ್ರಸಾದವನ್ನು ಚೆಲ್ಲುವಂತಿಲ್ಲ. ಎಲೆಯಲ್ಲಿ ಅಗುಳು ಉಳಿಸದೆ, ತಟ್ಟೆಯನ್ನು ತೊಳೆದು ಆ ನೀರನ್ನು ಕುಡಿಯುವ ಸಂಪ್ರದಾಯವನ್ನು ಇಂದಿಗೂ ಹಿರಿಯರಲ್ಲಿ ಕಾಣಬಹುದು. ಚೆಲ್ಲಬಾರದೆಂದರೆ ಬೇಕಾದಷ್ಟನ್ನೇ ಹಾಕಿಸಿಕೊಳ್ಳಬೇಕು. ಹಾಕಿಸಿಕೊಳ್ಳುವ ಮುನ್ನ ಎಷ್ಟು ಬೇಕೆಂಬುದು ತಿಳಿದಿರಬೇಕು. ಅಂದರೆ ಅಳತೆಯೆಂಬುದು ಪ್ರಸಾದತತ್ತ್ವದ ಒಳಗೇ ಅಡಗಿದೆ. 'ಪ್ರಸಾದ ಬಿಸಾಡಬಾರದು' ಎಂಬ ಅರ್ಧ ಮಾತನ್ನು ಹಿಡಿದುಕೊಂಡು, ಬಲವಂತದಿಂದ ಬಡಿಸಿದ್ದನ್ನು ಬಲವಂತದಿಂದಲೇ ನುಂಗುವುದು ಯಾವ ಆಚಾರದಲ್ಲಿಯೂ ಹೇಳಿಲ್ಲ. ಬೇಡವಾದ ಅನ್ನವನ್ನು ತಿಪ್ಪೆಗೆ ಹಾಕುವುದೂ ಒಡಲಿಗೆ ಹಾಕುವುದೂ ಒಂದೇ ಬಗೆಯ ಪೋಲು. ಒಡಲನ್ನು ಶರಣರು ಪ್ರಸಾದಕಾಯವೆಂದು ಕರೆದಿರುವಾಗ ಎರಡನೆಯದು ಹೆಚ್ಚಿನ ಪೋಲೆಂದೇ ಹೇಳಬೇಕು.

ಅಳತೆಯ ವಿಷಯ ಬಂದಾಗ ಆಯ್ದಕ್ಕಿ ದಂಪತಿಗಳನ್ನು ನೆನೆಯದೆ ಮುಂದೆ ಹೋಗಲಾಗದು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನವರದು ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕ. ಆಯ್ದ ಅಕ್ಕಿಯಿಂದಲೇ ಅವರ ಮನೆಯ ದಾಸೋಹ ನಡೆಯುತ್ತಿತ್ತು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಬೇರೆ ಮನೆಯಾಗಿದ್ದರೆ ಹಿಗ್ಗಬೇಕಾದ ಸಂಗತಿ. ಲಕ್ಕಮ್ಮನವರು ಹಿಗ್ಗಲಿಲ್ಲ, ಈ ಹೆಚ್ಚಳಕ್ಕೆ ಆಸೆಯೇ ಮೂಲವೆಂದು ಗಂಡನನ್ನು ಎಚ್ಚರಿಸಿ, ಹೆಚ್ಚಾದುದನ್ನು ತಂದ ಕಡೆಗೇ ಹಿಂದಿರುಗಿಸಿ ಬರುವಂತೆ ಹೇಳಿದರು. ಈ ಪ್ರಸಂಗವನ್ನು ಸಾಮಾನ್ಯವಾಗಿ ಅಪರಿಗ್ರಹದ, ಅಂದರೆ ಕೂಡಿಡದಿರುವ ನೀತಿಯ ಉದಾಹರಣೆಯಾಗಿ ವ್ಯಾಖ್ಯಾನಿಸುವುದು ವಾಡಿಕೆ. ಅದು ಸರಿಯೇ. ಆದರೆ ಇಲ್ಲಿ ಗಮನಿಸಬೇಕಾದ ಇನ್ನೊಂದು ಸೂಕ್ಷ್ಮವಿದೆ. ಅಂದಿನ ಅಡುಗೆಗೆ ಎಷ್ಟು ಅಕ್ಕಿ ಬೇಕೆಂಬುದು ಲಕ್ಕಮ್ಮನವರಿಗೆ ಕೈಯಳತೆಯಿಂದಲೇ ತಿಳಿದಿತ್ತು. ಅಳತೆ ತಿಳಿದವರಿಗೆ ಮಾತ್ರ ಹೆಚ್ಚಳ ಕಣ್ಣಿಗೆ ಬೀಳುತ್ತದೆ. ಇಂದಿನ ಮನೆಗಳಲ್ಲಿ ಒಬ್ಬರಿಗೆ ಒಂದು ಹೊತ್ತಿಗೆ ಎಷ್ಟು ಅಕ್ಕಿ, ವಾರಕ್ಕೆ ಎಷ್ಟು ಎಣ್ಣೆ, ತಿಂಗಳಿಗೆ ಎಷ್ಟು ಸಕ್ಕರೆ ಎಂದು ಕೇಳಿದರೆ ಉತ್ತರಿಸಬಲ್ಲವರು ಎಷ್ಟು ಮಂದಿ? ಆರೋಗ್ಯಕರ ಊಟದ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕೆನ್ನುವವರು ಹೊಸ ಧಾನ್ಯವನ್ನು ಕೊಳ್ಳುವ ಮುನ್ನ ಮಾಡಬೇಕಾದ ಕೆಲಸವೆಂದರೆ ಈ ಅಳತೆಯನ್ನು ಅರಿಯುವುದು. ಎಣ್ಣೆಯ ಡಬ್ಬಿಯ ಮೇಲೆ ಅದನ್ನು ತೆರೆದ ತಾರೀಖನ್ನು ಬರೆದಿಟ್ಟರೆ ಸಾಕು, ತಿಂಗಳ ಕೊನೆಗೆ ಲೆಕ್ಕ ತಾನಾಗಿಯೇ ಸಿಗುತ್ತದೆ.

ಧಾನ್ಯದ ವಿಷಯಕ್ಕೆ ಬಂದರೆ ಈ ಮೂರು ತಾಲ್ಲೂಕುಗಳ ನೆಲ ಒಂದೇ ಬಗೆಯದಲ್ಲ. ಯಳಂದೂರು ಪುಟ್ಟ ತಾಲ್ಲೂಕು. ಸುವರ್ಣಾವತಿಯ ನೀರು ಕಂಡ ಗದ್ದೆಗಳಲ್ಲಿ ಭತ್ತವೇ ಮುಖ್ಯ. ಕೊಳ್ಳೇಗಾಲದ ನೀರಾವರಿ ಬಯಲಿನಲ್ಲಿಯೂ ಭತ್ತ, ಪಟ್ಟಣದಲ್ಲಿ ರೇಷ್ಮೆಯ ಕಸುಬು. ಹಿಂದೆ ಕೊಳ್ಳೇಗಾಲ ತಾಲ್ಲೂಕಿನ ಭಾಗವಾಗಿದ್ದ ಹನೂರು ಸೀಮೆ ಬಹುಪಾಲು ಮಳೆಯನ್ನೇ ನಂಬಿದ ಒಣಭೂಮಿ. ರಾಗಿ, ಹುರುಳಿ, ಅವರೆ, ಈಚಿನ ದಶಕಗಳಲ್ಲಿ ಮುಸುಕಿನ ಜೋಳ. 1956ರವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಈ ನೆಲದಲ್ಲಿ ಆಡಳಿತ ಬದಲಾದರೂ ಬಡವರ ಮನೆಯ ರಾತ್ರಿಯ ಊಟ ಬದಲಾಗಿರಲಿಲ್ಲ. ಅದು ರಾಗಿಯ ಮುದ್ದೆಯೇ ಆಗಿತ್ತು. ಅನ್ನವೆಂದರೆ ಹಬ್ಬ, ನೆಂಟರು, ಇಲ್ಲವೇ ಕಾಯಿಲೆಯವರಿಗೆ ಮಾಡುವ ಗಂಜಿ.

ರಾಗಿಗೂ ಈ ಸೀಮೆಯ ಶರಣಪರಂಪರೆಗೂ ಇರುವ ನಂಟು ಸಾಮಾನ್ಯವಾದುದಲ್ಲ. ಏಳು ಮಲೆಯ ಒಡೆಯ ಮಾದೇಶ್ವರರು ಬೆಟ್ಟಕ್ಕೆ ಬರುವ ಮುನ್ನ ಸುತ್ತೂರು ಮಠದಲ್ಲಿ ರಾಗಿ ಬೀಸುವ ಕಾಯಕ ಮಾಡಿದರೆಂದು ಪರಂಪರೆ ಹೇಳುತ್ತದೆ. ಅಲ್ಲಿಂದ ಕುಂತೂರು ಮಠಕ್ಕೆ, ಅಲ್ಲಿಂದ ಬೆಟ್ಟಕ್ಕೆ ಅವರ ಪಯಣ. ಕಂಸಾಳೆಯ ದೇವರ ಗುಡ್ಡರು ಇಂದಿಗೂ ಈ ಮಹಿಮೆಯನ್ನು ಹಾಡುತ್ತಾರೆ. ಹುಲಿಯನ್ನೇ ವಾಹನ ಮಾಡಿಕೊಂಡ ದೈವವು ಮೊದಲು ಕೂತದ್ದು ಬೀಸುವ ಕಲ್ಲಿನ ಮುಂದೆ ಎಂಬುದರ ಅರ್ಥವನ್ನು ಭಕ್ತರು ಬಿಡಿಸಿ ನೋಡಬೇಕು. ಹಾಗೆಯೇ, ಮಾದಾರ ಚೆನ್ನಯ್ಯನವರ ಅಂಬಲಿಯನ್ನು ಶಿವನು ಮೆಚ್ಚಿ ಸವಿದ ಕಥೆಯನ್ನು ಶರಣರು ಎಷ್ಟು ಅಭಿಮಾನದಿಂದ ನೆನೆದರೆಂಬುದು ವಚನಸಾಹಿತ್ಯದ ಓದುಗರಿಗೆ ತಿಳಿದದ್ದೇ. ಅರಸನ ನೈವೇದ್ಯಕ್ಕಿಂತ ಅಂಬಲಿಯೇ ಹಿರಿದಾಯಿತು. ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಭತ್ತಕ್ಕೂ ನರೆದಲೆಗವೆಂಬ ರಾಗಿಗೂ ವಾದ ಹೂಡಿಸಿ, ಆರು ತಿಂಗಳು ಸೆರೆಯಲ್ಲಿಟ್ಟ ಬಳಿಕವೂ ಕೆಡದೆ ಉಳಿದ ರಾಗಿಗೆ ಶ್ರೀರಾಮನಿಂದಲೇ ಗೆಲುವು ಕೊಡಿಸಿದ್ದಾರೆ. ಇಷ್ಟೆಲ್ಲ ಗೆಲುವು ಕಾವ್ಯದಲ್ಲಿ ದೊರೆತರೂ ಮಠಗಳ, ಮದುವೆಗಳ ಪಂಕ್ತಿಯಲ್ಲಿ ರಾಗಿಗೆ ಜಾಗ ದೊರೆಯಲಿಲ್ಲವೆಂಬುದು ಸೋಜಿಗ. ಪಂಕ್ತಿಯಲ್ಲಿ ಮುದ್ದೆ ಬಡಿಸಿದರೆ ಬಂದವರಿಗೆ ಕಡಮೆ ಮಾಡಿದಂತೆ ಎಂಬ ಭಾವನೆ ಇನ್ನೂ ಜೀವಂತವಾಗಿದೆ. ಅಂಬಲಿಯ ಕಥೆಯನ್ನು ಪ್ರವಚನದಲ್ಲಿ ಕೇಳಿ ಕಣ್ಣು ಒದ್ದೆ ಮಾಡಿಕೊಂಡವರೇ ಊಟದ ಮನೆಯಲ್ಲಿ ಬಿಳಿಯ ಅನ್ನವನ್ನು ಹುಡುಕುತ್ತಾರೆ!

ರಾಗಿ ಮನೆಯಿಂದ ಹಿಂದೆ ಸರಿದದ್ದಕ್ಕೆ ಮರ್ಯಾದೆಯ ಈ ಭಾವನೆಯೊಂದೇ ಕಾರಣವಲ್ಲ. ರಾಗಿಯ ಹಿಂದೆ ಬಹಳ ದುಡಿಮೆಯಿತ್ತು. ಕಣ ಮಾಡಿ, ಗುಂಡು ಹೊಡೆದು, ತೂರಿ, ಕೇರಿ, ಬೆಳಗಿನ ಜಾವ ಎದ್ದು ಬೀಸಿ, ಹೊಗೆಯ ಒಲೆಯ ಮುಂದೆ ಕೋಲಿನಿಂದ ತಿರುವಿ ಮುದ್ದೆ ಕಟ್ಟುವುದೆಂದರೆ ಹೆಣ್ಣುಮಕ್ಕಳ ರಟ್ಟೆಗೆ ಬಿಡುವಿರಲಿಲ್ಲ. ಬೀಸುವ ಪದಗಳು ಇಂಪಾಗಿವೆಯೆಂದು ಹೊಗಳುವವರು ಬೀಸಿದವರ ಕೈಯ ಬೊಬ್ಬೆಗಳನ್ನೂ ನೆನೆಯಬೇಕು. ಕುಕ್ಕರಿನಲ್ಲಿ ಮೂರು ಕೂಗಿಗೆ ಅನ್ನವಾಗುವಾಗ ಆ ಸುಲಭವನ್ನು ಆರಿಸಿಕೊಂಡ ತಾಯಂದಿರನ್ನು ದೂರುವುದು ನ್ಯಾಯವಲ್ಲ. ಕಾಡಂಚಿನ ಊರುಗಳಲ್ಲಿ ರಾಗಿಯ ತೆನೆ ತುಂಬುವ ಕಾಲಕ್ಕೆ ಆನೆ, ಹಂದಿಗಳನ್ನು ಕಾಯಲು ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಎಚ್ಚರವಿರಬೇಕು. ಮಕ್ಕಳು ಬೆಂಗಳೂರು ಸೇರಿದ ಮನೆಯಲ್ಲಿ ಕಾಯುವವರಾರು? ಇದರ ಜೊತೆಗೆ 2013ರ ಜುಲೈನಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯಿಂದ ನ್ಯಾಯಬೆಲೆ ಅಂಗಡಿಯ ಅಕ್ಕಿ ಪ್ರತಿ ಬಡವರ ಮನೆಗೂ ಬಂತು. ಹಸಿವನ್ನು ಕಂಡ ಮನೆಗಳಿಗೆ ಅದು ದೊಡ್ಡ ಆಸರೆ. ಅದನ್ನು ಹಳಿಯುವವರು ಹಸಿವನ್ನು ಕಂಡವರಲ್ಲ. ದಕ್ಷಿಣದ ಜಿಲ್ಲೆಗಳಲ್ಲಿ ಪಡಿತರದೊಡನೆ ರಾಗಿಯನ್ನೂ ಕೊಟ್ಟ ಕಾಲಗಳುಂಟು, ಅದು ಒಳ್ಳೆಯ ಕ್ರಮ. ಆದರೂ ಒಟ್ಟಿನಲ್ಲಿ ನೋಡಿದರೆ, ಹಬ್ಬದ ಊಟವಾಗಿದ್ದ ಅನ್ನ ಒಂದೇ ತಲೆಮಾರಿನೊಳಗೆ ಮೂರು ಹೊತ್ತಿನ ಊಟವಾಯಿತು. ಅದೇ ತಲೆಮಾರಿನೊಳಗೆ ನೇಗಿಲು ಹೋಗಿ ಟ್ರಾಕ್ಟರು, ನಡಿಗೆ ಹೋಗಿ ಬೈಕು ಬಂದವು. ಊಟ ಹಿಗ್ಗಿತು, ದುಡಿಮೆ ಕುಗ್ಗಿತು.

ಇಷ್ಟು ಹೇಳಿದ ಕೂಡಲೇ 'ಹಾಗಾದರೆ ಅನ್ನ ಬಿಟ್ಟು ಮುದ್ದೆ ತಿಂದರಾಯಿತು' ಎನ್ನುವವರಿದ್ದಾರೆ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲಂತೂ ಸಿರಿಧಾನ್ಯವೆಂದರೆ ಸರ್ವರೋಗಕ್ಕೂ ಮದ್ದೆಂಬ ಪ್ರಚಾರ ಜೋರಾಗಿದೆ. ಇಲ್ಲಿಯೂ ಅವಧಾನ ಬೇಕು. ರಾಗಿಯ ಗುಣಗಳು ನಿಜವಾದುವೇ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮಿಗಿಲಾದ ಸುಣ್ಣದ ಅಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ನಾರಿನ ಅಂಶವೂ ಅಕ್ಕಿಗಿಂತ ಮೂರು ನಾಲ್ಕು ಪಟ್ಟು ಹೆಚ್ಚು. ಬೆಳೆಯುವ ಮಕ್ಕಳಿಗೆ, ಬಾಣಂತಿಯರಿಗೆ, ಮೂಳೆ ಸವೆದ ವೃದ್ಧರಿಗೆ ಇದಕ್ಕಿಂತ ಅಗ್ಗವಾದ ಆಸರೆ ಇನ್ನೊಂದಿಲ್ಲ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ದುಡಿದ ರಾಗಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ತಳಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿದ್ದು ಬಡವರ ತಟ್ಟೆಗೆ ಸಂದ ದೊಡ್ಡ ಸೇವೆ. 2024ರಿಂದ ಸರ್ಕಾರಿ ಶಾಲೆಗಳಲ್ಲಿ ಹಾಲಿನೊಡನೆ ರಾಗಿಯ ಮಿಶ್ರಣವನ್ನು ಕೊಡಲು ಆರಂಭಿಸಿದ್ದೂ ಮೆಚ್ಚತಕ್ಕದ್ದು. ಆದರೆ ರಾಗಿಯೂ ಪಿಷ್ಟವೇ. ನೂರು ಗ್ರಾಂನಲ್ಲಿ ಎಪ್ಪತ್ತರ ಆಸುಪಾಸಿನಷ್ಟು ಪಿಷ್ಟವಿರುವ ಧಾನ್ಯವದು. ಮಿಲ್ಲಿನಲ್ಲಿ ಮೈದಾದಂತೆ ನುಣ್ಣಗೆ ಮಾಡಿಸಿದ ಹಿಟ್ಟಿನಿಂದ ತೆಂಗಿನಕಾಯಿ ಗಾತ್ರದ ಎರಡು ಮುದ್ದೆ ನುಂಗಿ, ಮೇಲೆ ಅನ್ನವನ್ನೂ ಉಂಡರೆ ಸಕ್ಕರೆ ಏರದೆ ಇರದು. ದೇಶದ ಆಹಾರಕ್ರಮವನ್ನು ಕುರಿತು 2025ರಲ್ಲಿ ಪ್ರಕಟವಾದ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವೂ ಇದನ್ನೇ ಸೂಚಿಸುತ್ತದೆ. ಭಾರತೀಯರ ಆಹಾರಶಕ್ತಿಯಲ್ಲಿ ನೂರಕ್ಕೆ ಅರವತ್ತೆರಡರಷ್ಟು ಪಿಷ್ಟ, ಸಕ್ಕರೆಗಳಿಂದಲೇ ಬರುತ್ತಿದೆ; ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟನ್ನು ಬಳಸಿದ ಮಾತ್ರಕ್ಕೆ ಮಧುಮೇಹದ ಅಪಾಯ ಇಳಿಯುವುದಿಲ್ಲ; ಪಿಷ್ಟದ ಒಟ್ಟು ಪಾಲನ್ನು ತಗ್ಗಿಸಿ ಕಾಳು, ಹಾಲು, ಮೊಸರುಗಳ ಪಾಲನ್ನು ಹೆಚ್ಚಿಸಿದರೆ ಇಳಿಯುತ್ತದೆ. ಅಂದರೆ ಬದಲಾಗಬೇಕಾದದ್ದು ತಟ್ಟೆಯ ನಡುವಿನ ಗುಡ್ಡೆಯ ಬಣ್ಣಕ್ಕಿಂತ ಹೆಚ್ಚಾಗಿ ಅದರ ಎತ್ತರ.

ಹಳೆಯ ಮುದ್ದೆಯ ಊಟದ ಸತ್ವವಿದ್ದದ್ದೂ ಮುದ್ದೆಯೊಂದರಲ್ಲಿಯೇ ಅಲ್ಲ, ಅದರ ಸಂಗಡಿಗರಲ್ಲಿ. ಬಸ್ಸಾರು, ಮಸ್ಸೊಪ್ಪು, ಹುರುಳಿಕಟ್ಟು, ಅವರೆಕಾಳಿನ ಸಾರು, ಇವು ಈ ಸೀಮೆಯ ಅಡುಗೆಮನೆಯ ನಿಜವಾದ ಪಾಂಡಿತ್ಯ. ಬಸ್ಸಾರನ್ನೇ ನೋಡಬಹುದು. ಸೊಪ್ಪನ್ನೂ ಕಾಳನ್ನೂ ಒಟ್ಟಿಗೆ ಬೇಯಿಸಿ, ಬಸಿದ ನೀರಿನಿಂದ ಸಾರು, ಉಳಿದ ಸೊಪ್ಪು ಕಾಳಿನಿಂದ ಪಲ್ಯ. ಬೇಯಿಸಿದ ನೀರು ಚರಂಡಿಗೆ ಹೋಗದು, ಸೊಪ್ಪು ತಟ್ಟೆಯ ತುದಿಗೆ ಒಂದು ಚಮಚವಾಗಿ ಬಾರದು. ಹಿಡಿ ಹಿಡಿಯಾಗಿ ಬರುತ್ತದೆ. ನೂರು ಗ್ರಾಂ ಹುರುಳಿಯಲ್ಲಿ 22 ಗ್ರಾಂನಷ್ಟು ಸಸಾರಜನಕವಿದೆ. ಹೊಲದ ಬದುವಿನಲ್ಲಿ ತಾನಾಗಿ ಬೆಳೆದ ಅಣ್ಣೆ, ಗೋಣಿ, ಹೊನಗೊನ್ನೆ, ಕೀರೆ, ದಂಟುಗಳನ್ನು ಒಂದು ಮಡಿಲು ಕಿತ್ತು ತಂದರೆ ಬೆರಕೆ ಸೊಪ್ಪಿನ ಸಾರಾಗುತ್ತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಹದಿನೇಳು ಮಾರ್ಗಸೂಚಿಗಳು ತಟ್ಟೆಯ ಅರ್ಧಭಾಗ ಸೊಪ್ಪು, ತರಕಾರಿ, ಹಣ್ಣುಗಳಿಂದ ತುಂಬಿರಲಿ ಎನ್ನುತ್ತವೆ. ಬೆರಕೆ ಸೊಪ್ಪು ಕಿತ್ತ ಅಜ್ಜಿಯರು ಯಾವ ಮಾರ್ಗಸೂಚಿಯನ್ನೂ ಓದಿರಲಿಲ್ಲ. ಈಗ ಬದುಗಳಿಗೆ ಕಳೆನಾಶಕ ಹೊಡೆಯುವುದರಿಂದ ಆ ಸೊಪ್ಪನ್ನು ಕೀಳುವ ಮುನ್ನ ಯೋಚಿಸಬೇಕಾಗಿದೆ, ಅದರ ಹೆಸರು ಬಲ್ಲ ಮಕ್ಕಳೂ ವಿರಳ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಈ ವಿದ್ಯೆಯನ್ನು ಹೆಚ್ಚು ಉಳಿಸಿಕೊಂಡವರು. ಕಾಡಿನ ಗೆಡ್ಡೆ ಗೆಣಸು, ಸೊಪ್ಪು, ಜೇನುಗಳ ಅವರ ಅರಿವು ದೊಡ್ಡದು; ಹೊಸ ರಾಗಿ ಬಂದಾಗ ಅದರ ರೊಟ್ಟಿಯನ್ನು ದೈವಕ್ಕೆ ಅರ್ಪಿಸಿ ಎಲ್ಲರೂ ಹಂಚಿಕೊಂಡು ತಿನ್ನುವ ಅವರ ರೊಟ್ಟಿ ಹಬ್ಬದಲ್ಲಿ ಪ್ರಸಾದತತ್ತ್ವದ ಬೇರನ್ನೇ ಕಾಣಬಹುದು. ಬೆಟ್ಟದ ಕೆಳಗಿನವರು ಅವರಿಂದ ಕಲಿಯಬೇಕಾದದ್ದು ಇನ್ನೂ ಇದೆ.

ಉಪ್ಪಿನ ವಿಷಯದಲ್ಲಿ ಮಾತ್ರ ಹಿರಿಯರ ಅಡುಗೆಯನ್ನು ಹೊಗಳಲಾಗದು. ಉಪ್ಸಾರಿನ ಹೆಸರಿನಲ್ಲಿಯೇ ಉಪ್ಪಿದೆ. ಅದರೊಡನೆ ಉಪ್ಪಿನಕಾಯಿ, ಹಪ್ಪಳ. ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಸಿಲಿನಲ್ಲಿ ಬೆವರು ಸುರಿಸಿದವರ ಅಳತೆಯನ್ನು ನೆರಳಿನಲ್ಲಿ ಕುಳಿತವರು ಅನುಸರಿಸುವುದು ತರವಲ್ಲ.

ಇನ್ನು ಸೋಮವಾರದ ಒಪ್ಪತ್ತು. ಒಂದೇ ಹೊತ್ತು ಉಂಡು ಒಡಲಿಗೆ ಬಿಡುವು ಕೊಡುವ ಈ ವ್ರತ ಎಷ್ಟೋ ಮನೆಗಳಲ್ಲಿ ವಿನೋದವಾಗಿ ಪರಿಣಮಿಸಿದೆ. ಊಟ ಒಂದೇ ಹೊತ್ತು, ನಿಜ; ಆದರೆ ಬೆಳಗ್ಗೆ ಉಪ್ಪಿಟ್ಟು ಕೇಸರಿಬಾತು, ಮಧ್ಯಾಹ್ನ ಅವಲಕ್ಕಿ, ಸಂಜೆ ಬಾಳೆಕಾಯಿ ಬಜ್ಜಿ, ನಡುನಡುವೆ ಸಕ್ಕರೆ ತುಂಬಿದ ನಾಲ್ಕು ಲೋಟ ಚಹಾ. ಅನ್ನವೊಂದನ್ನು ಬಿಟ್ಟು ಉಳಿದುದೆಲ್ಲವನ್ನೂ ಉಂಡ ಈ ಉಪವಾಸಕ್ಕೆ ಯಾವ ಶಿವನು ಮೆಚ್ಚಿಯಾನು? ಬಾಹ್ಯಾಚಾರದ ಉಪವಾಸವನ್ನು ಶರಣರು ವಿಡಂಬಿಸಿದ್ದು ಇಂತಹದನ್ನು ಕಂಡೇ ಇರಬೇಕು. ವಾರಕ್ಕೊಮ್ಮೆ ಹೀಗೆ ಒಪ್ಪತ್ತು ಮಾಡುವುದಕ್ಕಿಂತ ಪ್ರತಿದಿನದ ರಾತ್ರಿಯೂಟವನ್ನು ಒಂದು ಗಂಟೆ ಮುಂಚೆ, ಒಂದು ಸೌಟು ಕಡಮೆ ಮಾಡಿ ಮುಗಿಸುವುದು ಲೇಸು. ಶಾಲೆಯಿಂದ ಬಂದ ಮಕ್ಕಳ ಕೈಗೆ ಐದು ರೂಪಾಯಿಯ ಕುರುಕಲು ಪೊಟ್ಟಣವನ್ನು ಕೊಡುವ ಬದಲು ಒಂದು ಹಿಡಿ ಹುರಿಗಡಲೆ, ಕಡಲೆಕಾಯಿ, ಬೇಯಿಸಿದ ಗೆಣಸು ಕೊಡುವುದು ಯಾವ ಬಡವರಿಗೂ ಅಸಾಧ್ಯವಲ್ಲ.

ಮನೆಯೊಳಗಿನ ಪಂಕ್ತಿಯ ವಿಚಾರವೂ ಇಲ್ಲಿ ಬರಬೇಕು. ದಾಸೋಹದ ಹೆಮ್ಮೆಯುಳ್ಳ ಮನೆಗಳಲ್ಲಿಯೇ ಅಡುಗೆ ಮಾಡಿದವರು ಎಲ್ಲರ ಬಳಿಕ, ಉಳಿದುದನ್ನು ಉಣ್ಣುವ ವಾಡಿಕೆಯಿದೆ. ಸೊಪ್ಪು, ಕಾಳು, ಮೊಸರು ಗಂಡಸರಿಗೂ ಮಕ್ಕಳಿಗೂ ಮುಗಿದು, ಅಮ್ಮನ ತಟ್ಟೆಗೆ ಅನ್ನವೂ ತಳದ ಸಾರೂ ಉಳಿಯುತ್ತವೆ. 2019ರಿಂದ 2021ರ ಅವಧಿಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿರುವುದು ಕಂಡುಬಂದಿತು. ಹೆಣ್ಣು ಗಂಡೆಂಬ ಭೇದವನ್ನು ಅಳಿಸಿದ ಧರ್ಮದ ಅನುಯಾಯಿಗಳ ಮನೆಯಲ್ಲಿ ತಟ್ಟೆಗೆ ಭೇದವಿರಕೂಡದು. ಎಲ್ಲರೂ ಒಟ್ಟಿಗೆ ಕುಳಿತು, ಮಾಡಿದ ಎಲ್ಲವನ್ನೂ ಎಲ್ಲರಿಗೂ ಮೊದಲೇ ಹಂಚಿಟ್ಟು ಉಣ್ಣುವುದು ಆರೋಗ್ಯದ ಅಭ್ಯಾಸವೂ ಹೌದು, ಶರಣಾಚಾರವೂ ಹೌದು.

ಮಠಗಳ ಹೊಣೆ ಇದಕ್ಕಿಂತ ದೊಡ್ಡದು. ಮಠದ ಪಂಕ್ತಿಯಲ್ಲಿ ಬಡಿಸಿದ್ದು ಮಾರನೆಯ ದಿನ ಊರಿನ ಪಂಕ್ತಿಯ ಮಾದರಿಯಾಗುತ್ತದೆ. ಗುರುಗಳ ಎದುರಿನಲ್ಲಿ ಮುದ್ದೆ ಬಡಿಸಿದರೆಂದರೆ ಮದುವೆಮನೆಯಲ್ಲಿ ಮುದ್ದೆ ಬಡಿಸಲು ಯಾರಿಗೂ ಸಂಕೋಚವಿರದು. ವಾರದಲ್ಲಿ ಎರಡು ಮೂರು ದಿನವಾದರೂ ದಾಸೋಹದಲ್ಲಿ ಚಿಕ್ಕ ಗಾತ್ರದ ರಾಗಿಮುದ್ದೆ, ಸೊಪ್ಪಿನ ಬಸ್ಸಾರು, ಕಾಳಿನ ಪಲ್ಯವಿರಲಿ. ಪಲ್ಯ, ಕೋಸಂಬರಿಗಳನ್ನು ಮೊದಲು, ದೊಡ್ಡ ಸೌಟಿನಿಂದ ಬಡಿಸಿ, ಅದನ್ನು ಉಂಡ ಮೇಲೆ ಅನ್ನ ತರಲಿ. ಪಾಯಸವನ್ನು ಬಿಡಬೇಕಾಗಿಲ್ಲ, ಸೌಟಿನ ಬದಲು ಚಮಚದಲ್ಲಿ ಬಂದರೂ ಪ್ರಸಾದ ಪ್ರಸಾದವೇ. ಮೈಸೂರು, ಬೆಂಗಳೂರುಗಳಿಂದ ಬೆಟ್ಟಕ್ಕೆ ಬರುವ ಭಕ್ತರಿಗೆ ಈ ಸೀಮೆಯ ಸೊಪ್ಪು ಸಾರಿನ ರುಚಿ ತೋರಿಸಲು ಇದಕ್ಕಿಂತ ಒಳ್ಳೆಯ ಅವಕಾಶವೂ ಇಲ್ಲ. ಹನೂರಿನ ಒಣಭೂಮಿಯ ರೈತರಿಂದ ನೇರವಾಗಿ ರಾಗಿ, ಹುರುಳಿ, ಅವರೆಗಳನ್ನು ಕೊಂಡರೆ ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕಾದವರಿಗೂ ಒಂದು ಆಸರೆ.

ಇದಕ್ಕೆ ಎರಡು ಆಕ್ಷೇಪಗಳು ಕೇಳಿಬರುತ್ತವೆ. ಸಾವಿರಾರು ಜನರಿಗೆ ಮುದ್ದೆ ಕಟ್ಟುವುದು ಕಷ್ಟವೆಂಬುದು ಮೊದಲನೆಯದು. ಕಷ್ಟ ನಿಜ, ಆದರೆ ಮುದ್ದೆ ಮಾಡುವ ಯಂತ್ರಗಳು ಈಗ ದೊರೆಯುತ್ತವೆ, ಅಂಬಲಿಯಾದರೆ ಯಂತ್ರವೂ ಬೇಕಿಲ್ಲ. ಮಜ್ಜಿಗೆ ಬೆರೆಸಿದ ರಾಗಿ ಅಂಬಲಿಯನ್ನು ಬೇಸಗೆಯ ಪಾದಯಾತ್ರಿಗಳಿಗೆ ಕೊಟ್ಟರೆ ಬಣ್ಣದ ಶರಬತ್ತಿಗಿಂತ ಎಷ್ಟೋ ಮೇಲು. ಹೊಟ್ಟೆ ತುಂಬ ಉಣ್ಣಲು ಬಂದ ಬಡವನಿಗೆ ಅಳತೆಯ ಮಾತು ಹೇಳುವುದು ಸರಿಯೇ ಎಂಬುದು ಎರಡನೆಯದು. ಇದು ಗಂಭೀರವಾದ ಪ್ರಶ್ನೆ. ಹಸಿದು ಬಂದವರಿಗೆ ಯಾವ ಮಿತಿಯೂ ಸಲ್ಲದು. ಅವರು ಕೇಳಿದಷ್ಟನ್ನು, ಕೇಳಿದಷ್ಟು ಸಲ ಬಡಿಸುವುದೇ ದಾಸೋಹ. ಇಲ್ಲಿ ಹೇಳುತ್ತಿರುವುದು ಬೇಡವೆಂದವರಿಗೆ ಬಲವಂತ ಮಾಡಬಾರದೆಂಬುದನ್ನು. ಬಡಿಸುವ ಸ್ವಯಂಸೇವಕರು 'ಇನ್ನೊಂದು ಸೌಟು, ಇನ್ನೊಂದೇ ಒಂದು' ಎಂದು ಎಲೆಯ ಮೇಲೆ ಅಡ್ಡ ಹಿಡಿದ ಕೈಯನ್ನು ಸರಿಸಿ ಹಾಕುವುದು ಪ್ರೀತಿಯಿಂದಲೇ. ಆ ಪ್ರೀತಿ 'ಎಷ್ಟು ಹಾಕಲಿ?' ಎಂಬ ಪ್ರಶ್ನೆಯ ರೂಪ ತಾಳಲಿ. ಮಧುಮೇಹದ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆಯುಳ್ಳವರು ತಮ್ಮ ತಮ್ಮ ಊಟದ ಬದಲಾವಣೆಯನ್ನು ವೈದ್ಯರೊಡನೆ ಮಾತನಾಡಿಯೇ ನಿರ್ಧರಿಸಬೇಕು. ಸೊಪ್ಪು, ರಾಗಿಗಳೂ ಕೆಲವರಿಗೆ ಮಿತವಾಗಿರಬೇಕಾಗುತ್ತದೆ.

ಪಂಕ್ತಿಯ ಆರಂಭದಲ್ಲಿ ಮಂತ್ರ ಹೇಳಿ ಇಷ್ಟಲಿಂಗಕ್ಕೆ ಅರ್ಪಿಸುವ ಆ ಅರೆನಿಮಿಷದ ಮೌನ ಈಗಾಗಲೇ ಎಲ್ಲ ಮಠಗಳಲ್ಲಿದೆ. ಬಡಿಸುವವರು ಎರಡನೆಯ ಸುತ್ತಿಗೆ ಅನ್ನದ ಬುಟ್ಟಿ ಹಿಡಿದು ಹೊರಡುವ ಮುನ್ನವೂ ಅಷ್ಟೇ ಹೊತ್ತು ತಡೆದರೆ, ಒಡಲು ತಣಿಯಿತೋ ಇಲ್ಲವೋ ಎಂದು ನೋಡಿಕೊಳ್ಳಲು ಕುಳಿತವರಿಗೆ ಬಿಡುವು ದೊರೆಯುತ್ತದೆ. ಬರುವ ಶ್ರಾವಣ ಮಾಸದ ದಾಸೋಹಗಳಲ್ಲಿ ಇದನ್ನು ಒಂದು ತಿಂಗಳ ಮಟ್ಟಿಗೆ ನಡೆಸಿ, ಅನ್ನದ ಬುಟ್ಟಿಯಲ್ಲಿ ಎಷ್ಟು ಉಳಿಯಿತು, ಎಲೆಗಳಲ್ಲಿ ಎಷ್ಟು ಉಳಿಯಿತು ಎಂಬುದನ್ನು ಅಡುಗೆಮನೆಯವರು ಬರೆದಿಡಬಹುದು.